ಹಾಡಿಗಿಂತ ಮೊದಲಿನ ಹೆಸರುಗಳು

ಅಂಬಾದಾಸ ಅವರು ಒಳ್ಳೆಯ ಸುದ್ದಿ ತಂದವರ ಹಾಗೆ ಮೆಟ್ಟಿಲು ಹತ್ತಿ ಬಂದರು. ಅವರ ಮಂಡಿಗೆ ನನ್ನ ಮನೆಯ ಹದಿನಾಲ್ಕು ಮೆಟ್ಟಿಲು ಹೆಚ್ಚೇ. ಆದರೂ ಬಾಗಿಲ ಹೊರಗೆ ತಮ್ಮ ಚಪ್ಪಲಿ ಬಿಟ್ಟು, ಅಡ್ಡಾದಿಡ್ಡಿಯಾಗಿ ಬಿದ್ದಿದ್ದ ನನ್ನ ಚಪ್ಪಲಿಯನ್ನೂ ಬಗ್ಗಿ ಕೈಯಿಂದ ಜೋಡಿಸಿಟ್ಟೇ ಒಳಗೆ ಬಂದರು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ನಿವೃತ್ತಿಯಾದ ಮೇಲೆ ತಿಕೋಟಾ, ಬಬಲೇಶ್ವರ ಕಡೆಯ ಹೆಣ್ಣುಮಕ್ಕಳ ಬೀಸುವ ಹಾಡುಗಳನ್ನು ಕೂಡಿಸಿ ಒಂದು ಪುಸ್ತಕ ಮಾಡುತ್ತಿದ್ದರು.

"ಮೇಡಂ, ನಿಮ್ಮ ಮನ್ಯಾಗ ಕಳವಾಗೈತಿ. ನಿಮಗ ಗೊತ್ತ ಇಲ್ಲ. ಕಳ್ಳರನ್ನ ನಾ ಹಿಡದೇನಿ," ಎಂದರು.

"ನನ್ನ ಹತ್ರ ಕದಿಯುವಂಥಾದ್ದು ಹಳೇ ಕುಕ್ಕರ ಒಂದ ಐತ್ರಿ. ಅದು ಒಲಿ ಮ್ಯಾಲ ಐತಿ."

"ನಿಮ್ಮ ಕತಿ ಕಳವಾಗೈತ್ರಿ. ನೀಲವ್ವನ ಕತಿ."

ಚೀಲದಿಂದ ಅಚ್ಚಿನ ಕರಡು ಹಾಳೆಗಳನ್ನು ತೆಗೆದು ನನ್ನ ಮುಂದಿಟ್ಟರು. ಹನ್ನೆರಡು ಹೆಂಗಸರ ಹಾಡುಗಳು. ಅದರಲ್ಲಿ ಒಂದಕ್ಕೆ ಉದ್ದಕ್ಕೆ ಕೆಂಪು ಗೆರೆ ಎಳೆದಿದ್ದರು. ಆಮೇಲೆ ಮುನ್ನುಡಿಯ ಹಾಳೆ ಹಿಡಿದು ಓದಿದರು: "ಹಾಡು ಸಂಗ್ರಹಿಸುವವರು ಎಚ್ಚರದಿಂದ ಇರಬೇಕು. ತಿಕೋಟಾದ ಪೀರಾಂಬಿ ಎಂಬಾಕೆ ಅಚ್ಚಾದ ಕತೆಯೊಂದನ್ನು ತನ್ನ ತಾಯಿಯ ಹಾಡೆಂದು ಹೇಳಿ ನಮಗೆ ಹಾಡಿದಳು. ಅದನ್ನು ಪತ್ತೆ ಹಚ್ಚಿ ಕೈಬಿಡಲಾಗಿದೆ."

ಪೀರಾಂಬಿಯ ಹೆಸರು ಕೇಳಿ ನನ್ನ ಕೈಯಲ್ಲಿದ್ದ ಚಹಾದ ಬಸಿ ತಾನಾಗಿಯೇ ಕೆಳಗಿಳಿಯಿತು.

ನೀಲವ್ವನ ಕತೆ ನಾನು ಬರೆದದ್ದು ನಿಜ. ೧೯೭೯ರಲ್ಲಿ, ನನಗೆ ಇಪ್ಪತ್ತೈದು ವರ್ಷವಾಗಿದ್ದಾಗ. ಆಗ ನಾನು ತಿಕೋಟಾದ ಶಾಲೆಯಲ್ಲಿ ಕಲಿಸುತ್ತಿದ್ದೆ, ಪೀರಾಂಬಿಯ ಪಕ್ಕದ ಮನೆಯಲ್ಲಿದ್ದೆ. ಬಾದಶಹನ ಆನೆಯೊಂದು ಬಿರುಬೇಸಿಗೆಯಲ್ಲಿ ಊರ ಬಾವಿಗೆ ಬರುತ್ತದೆ. ಬಾವಿಯಲ್ಲಿ ಉಳಿದಿರುವುದು ಒಂದಿಷ್ಟೇ ನೀರು. ಅದೆಲ್ಲ ಆನೆಗೇ ಬೇಕು ಎಂದು ಸಿಪಾಯಿಗಳು ಕಟ್ಟಪ್ಪಣೆ ಮಾಡುತ್ತಾರೆ. ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಸೊಸೆ ನೀಲವ್ವ ಖಾಲಿ ಕೊಡ ಹಿಡಿದು ಬಾವಿಯ ಮೆಟ್ಟಿಲ ಮೇಲೆ ಅಡ್ಡ ನಿಲ್ಲುತ್ತಾಳೆ. ಕೊನೆಗೆ ಆನೆ ತಾನು ಕುಡಿಯದೆ, ಸೊಂಡಿಲಿನಲ್ಲಿ ನೀರು ಎಳೆದುಕೊಂಡು ಅವಳ ಕೊಡ ತುಂಬುತ್ತದೆ. ಆ ಕತೆ ಎರಡು ವರ್ಷ ಪದವಿ ತರಗತಿಯ ಪಠ್ಯದಲ್ಲಿತ್ತು. ನನಗೆ ಬರೆಯುವವಳು ಎಂಬ ಹೆಸರು ಬಂದದ್ದು ಅದರಿಂದಲೇ.

"ಅಂಬಾದಾಸ ಅವರ, ಆ ಕತಿ ಪೀರಾಂಬಿ ಮನಿಯಿಂದನ ಬಂದೈತಿ," ಎಂದೆ. "ಆಕಿ ತಾಯಿ ಹುಸೇನಬಿ ಬೀಸುವಾಗ ಹಾಡತಿದ್ಲು. ನಾ ಗ್ವಾಡಿ ಆಚಿಂದ ಕೇಳತಿದ್ದೆ."

ಅವರು ಮೆಲ್ಲಗೆ ನಕ್ಕರು. "ನೀವು ದೊಡ್ಡ ಮನಸ್ಸಿನವರು, ಹಂಗಂತೀರಿ. ಒಂದ ಮಾತ ಹೇಳ್ರಿ. ಆನಿ ಕೊಡ ತುಂಬೂದು ಹುಸೇನಬಿ ಹಾಡಿನಾಗ ಇತ್ತೇನು?"

ಇರಲಿಲ್ಲ. ಹುಸೇನಬಿಯ ಹಾಡಿನಲ್ಲಿ ನೀಲವ್ವ ಬಾವಿಗೆ ಇಳಿಯುತ್ತಾಳೆ, ಮರಳಿ ಬರುವುದಿಲ್ಲ. ಇಪ್ಪತ್ತೈದರ ಹುಡುಗಿಗೆ ಅದನ್ನು ಸಹಿಸಲಾಗಲಿಲ್ಲ. ಆನೆಗೆ ಆ ಬುದ್ಧಿ ಕೊಟ್ಟವಳು ನಾನೇ.

"ಅದು ನಂದು," ಎಂದೆ.

"ಮತ್ತ! ಪೀರಾಂಬಿ ಹಾಡಿನಾಗ ಆನಿ ಕೊಡ ತುಂಬತೈತಿ. ಯಾರಿಂದ ಕಲತಿ ಅಂದ್ರ ತಾಯಿಂದ ಅಂತ ಬರಿಸ್ಯಾಳ. ಬಬಲೇಶ್ವರದ ಗೀತಾಂಜಲಿ ಮೇಡಂ ರೆಕಾರ್ಡ ಮಾಡ್ಯಾರ, ಫಾರ್ಮಿನಾಗ ಐತಿ. ಸೋಮವಾರ ಪುಸ್ತಕ ಪ್ರೆಸ್ಸಿಗೆ ಹೋಗ್ತದ."

ಅವರಿಗೆ ಸಿಟ್ಟಿರಲಿಲ್ಲ. ನನ್ನ ವಸ್ತುವನ್ನು ತಾವು ಕಾಯುತ್ತಿದ್ದೇವೆ ಎಂದೇ ತಿಳಿದಿದ್ದರು. ಆ ದಿನ ಗುರುವಾರ. "ಶನಿವಾರ ಸಂಜಿತನಕ ಈ ಹಾಳಿ ತಡೀರಿ," ಎಂದು ಕೇಳಿಕೊಂಡೆ. ಒಪ್ಪಿದರು.

ಶುಕ್ರವಾರ ಬೆಳಿಗ್ಗೆ ತಿಕೋಟಾಕ್ಕೆಂದು ಅಥಣಿ ಬಸ್ಸು ಹಿಡಿದೆ. ನಿಂತವರೇ ಹೆಚ್ಚು. ಕಂಡಕ್ಟರ್ ತನ್ನ ಸೀಟಿನ ಮೇಲಿನ ಟಿಕೆಟ್ ಪೆಟ್ಟಿಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಕುಂಡ್ರ ಬರ್ರಿ ಆಯಿ, ಜಾಗಾ ಭಾಳ ಐತಿ," ಎಂದ. ಜಾಗ ಭಾಳ ಇರಲಿಲ್ಲ. ಅರ್ಧ ಸೀಟಿನಲ್ಲಿ ಕುಳಿತು ಹೋದೆ. ದಾರಿಯುದ್ದಕ್ಕೂ ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ನಾನು ಕೆಲಸಕ್ಕೆ ಹೋದ ಕಾಲದಲ್ಲಿ ಅಲ್ಲೆಲ್ಲ ಬಿಳಿಜೋಳ ಇತ್ತು.

ಬಸ್ಸಿನಲ್ಲಿ ಒಂದೇ ವಿಚಾರ. ಈ ಕತೆ ನಿಮಗೆ ಎಲ್ಲಿ ಸಿಕ್ಕಿತು ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದರು. ಪ್ರತಿ ಸಲವೂ "ಜನಪದರಿಂದ" ಎಂದಿದ್ದೆ. ಕೇಳಿದವರಿಗೆ ಆ ಮಾತು ಸಾಕಾಗುತ್ತಿತ್ತು. ನನಗೂ ಸಾಕಾಗಿತ್ತು. ಹುಸೇನಬಿ ಎಂಬ ಹೆಸರು ಒಂದು ಸಲವೂ ನನ್ನ ಬಾಯಿಗೆ ಬಂದಿರಲಿಲ್ಲ.

ಪೀರಾಂಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವಳು. ನನ್ನನ್ನು ಕಂಡವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯವ್ವಾ, ಅಕ್ಕೋರ! ಹೇಳದ ಕೇಳದ ಬರೂದೇನ್ರಿ? ಮದಲ ಹೇಳಿದ್ರ ಹಲ್ಲರ ಹಾಕ್ಕೊಂಡ ಕುಂಡ್ರತಿದ್ದೆ."

"ನಿನ್ನ ಹಲ್ಲ ನೋಡಾಕ ಬಂದಿಲ್ಲ ಬೇ. ನಿನ್ನ ನೋಡಾಕ ಬಂದೇನಿ."

"ನನ್ನ ನೋಡಿದ್ರ ಹಲ್ಲ ಕಾಣೂದುಲ್ಲೇನ್ರಿ?" ಎಂದು ನಕ್ಕು, ಎದ್ದು ಗೂಡಿನಲ್ಲಿದ್ದ ಹಲ್ಲಿನ ಸೆಟ್ಟು ಹಾಕಿಕೊಂಡು ಬಂದಳು. ಬುಟ್ಟಿಯ ಮೇಲಿನ ರೊಟ್ಟಿ ಕೊಡದೆ, ನನಗೆಂದು ಹೊಸದಾಗಿ ಒಂದು ಬಡಿದು ತೆಳ್ಳಗೆ ಮಾಡಿದಳು. ನನ್ನ ದವಡೆಯ ಕಷ್ಟ ಅವಳಿಗೆ ಹೇಳಬೇಕಾಗಿರಲಿಲ್ಲ.

ನಾನು ಏನೂ ಮುಚ್ಚಿಡದೆ ಹೇಳಿದೆ. ಹೇಳುತ್ತ ಹೋದಂತೆ ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು.

"ಕಳ್ಳಿ ಅಂತ ಬರದಾರೇನ್ರಿ?"

"ಆ ಶಬ್ದ ಇಲ್ಲ. ಅರ್ಥ ಅದ."

"ಪುಸ್ತಕದಾಗ?"

"ಹೂಂ."

"ನಮ್ಮ ಸುರೈಯಾ ಬಿ.ಎ. ಮಾಡಾಕತ್ತಾಳ್ರಿ, ಕನ್ನಡ ತಗೊಂಡಾಳ," ಎಂದಳು. ಸುರೈಯಾ ಅವಳ ಮೊಮ್ಮಗಳು. "ನಮ್ಮ ಆಯಿ ಹಾಡ ಪುಸ್ತಕದಾಗ ಬರತೈತಿ ಅಂತ ಕಾಲೇಜ ತುಂಬ ಹೇಳ್ಯಾಳ. ಆಕಿನ ಮದಲ ತಗದ ಓದತಾಳ್ರಿ ಅದನ್ನ."

ಸುಟ್ಟ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ನೇರವಾಗಿ ನನ್ನ ಕಡೆ ತಿರುಗಿದಳು. ದನಿಯಲ್ಲಿ ಅಳುಕಿರಲಿಲ್ಲ.

"ನಾ ಬರೇ ಅವ್ವನ ಹಾಡಂತ ಹೇಳೇ ಇಲ್ರಿ. ಹೆಸರ ತಗೊಂಡ ಹಾಡೇನಿ. ನಿಮ್ಮ ಹೆಸರೂ ತಗೊಂಡೇನಿ."

"ನನ್ನ ಹೆಸರ? ಎಲ್ಲಿ?"

"ಹಾಡಿನ ಮದಲ. ಎಂಟ ವರ್ಷ ನಮ್ಮ ಬಾಜೂಕ ಇದ್ರಿ, ನಮ್ಮವ್ವ ಹೆಸರ ತಗೊಳ್ಳೂದು ಒಂದ ದಿನಾನೂ ಕೇಳಿಲ್ಲೇನ್ರಿ?"

ಹಿಟ್ಟಿನ ಕೈ ಒರೆಸಿಕೊಂಡು, ಬೀಸುಕಲ್ಲಿನ ಗೂಟ ಹಿಡಿದವಳಂತೆ ಮುಷ್ಟಿ ಮಾಡಿ, ರಾಗವಿಲ್ಲದೆ ಸಣ್ಣ ದನಿಯಲ್ಲಿ ಹೇಳಿದಳು: "ಹೊನವಾಡದ ಭೀಮಾಬಾಯಿ ಕೊಟ್ಟಿದ್ದು. ನಮ್ಮವ್ವ ಹುಸೇನಬಿ ತಂದಿದ್ದು. ಆನಿ ಬುದ್ಧಿ ಸಾಲಿ ಚಂದ್ರಕಲಾ ಅಕ್ಕೋರು ಕೊಟ್ಟಿದ್ದು. ಹಾಡಾಕಿ ನಾ ಪೀರಾಂಬಿ."

ನನಗೆ ಗೋಡೆಯಾಚೆಯ ಹುಸೇನಬಿಯ ನಸುಕಿನ ದನಿ ನೆನಪಾಯಿತು. ಹಾಡಿಗೆ ಮೊದಲು ಆಕೆ ಏನೋ ಗುಣುಗುಣು ಎನ್ನುತ್ತಿದ್ದಳು. ಅದು ದೇವರ ಪ್ರಾರ್ಥನೆ ಇರಬೇಕು ಎಂದುಕೊಂಡಿದ್ದೆ. ಅದು ಮುಗಿಯುವವರೆಗೆ ನಾನು ಪೆನ್ಸಿಲ್ಲು ಚೂಪು ಮಾಡಿಕೊಳ್ಳುತ್ತ ಕೂತಿರುತ್ತಿದ್ದೆ. ಹಾಡು ಶುರುವಾದ ಮೇಲೆಯೇ ಬರೆದುಕೊಳ್ಳುತ್ತಿದ್ದೆ.

"ಹಾಡ ಕೊಟ್ಟಾಕಿ ಹೆಸರ ಮದಲ ತಗೊಬೇಕ್ರಿ," ಎಂದಳು ಪೀರಾಂಬಿ. "ಇಲ್ಲಂದ್ರ ಹಾಡ ನಡುವ ಮರತ ಹೋಗ್ತೈತಿ ಅಂತ ನಮ್ಮವ್ವ ಅಂಜಸ್ತಿದ್ಲು. ಮರೀತೈತೋ ಇಲ್ಲೋ, ನಮಗ ರೂಢಿ ಬಿದ್ದೈತಿ."

"ನಾ ಯಾವಾಗ ಕೊಟ್ಟೆ ನಿನಗ?"

"ಓದೂ ಬರಿಯೂ ಕಲಸಾಕ ಬರತಿದ್ರಿಲ್ರಿ, ಸಂಜಿಮುಂದ."

ಆಗ ನೆನಪಾಯಿತು. ೧೯೯೧ರಲ್ಲಿ ಸಾಕ್ಷರತೆಯ ಚಳವಳಿ ಜಿಲ್ಲೆಯೆಲ್ಲ ನಡೆದಿತ್ತು. ಆ ಓಣಿಯ ಮನೆ ಬಿಟ್ಟಿದ್ದರೂ, ಅಲ್ಲಿಯ ಹೆಂಗಸರಿಗೆ ಅಕ್ಷರ ಕಲಿಸಲು ನಾನೂ ಹೋಗುತ್ತಿದ್ದೆ. ಪಾಠದ ಪುಸ್ತಕ ಬೇಸರವಾಗಿ ಅವರು ತೂಕಡಿಸತೊಡಗಿದಾಗ ಒಂದು ದಿನ ನನ್ನ ಕತೆಯನ್ನೇ ಓದಿದ್ದೆ. ಮೂವತ್ಮೂರರ ಪೀರಾಂಬಿ ನಡುವೆಯೇ ಎದ್ದು, "ಇದು ನಮ್ಮವ್ವನ ಹಾಡ್ರಿ. ಆದ್ರ ಅದರಾಗ ನೀಲವ್ವ ಬಾವ್ಯಾಗ ಉಳೀತಾಳ," ಎಂದಿದ್ದಳು. ನಾನು, "ನನ್ನ ಕತ್ಯಾಗ ಮನಿಗಿ ಬರತಾಳ," ಎಂದಿದ್ದೆ. ಆಮೇಲೆ ಅವಳು ಕೇಳಿದ್ದಳು: "ಹಂಗಾರ ನಾನೂ ಕರಕೊಂಡ ಬರ್ಲೇನ್ರಿ ಮನಿಗಿ?" ಎಲ್ಲರೂ ನಕ್ಕಿದ್ದರು. ನಾನೂ ನಕ್ಕು, ಕರಕೊಂಡ ಬಾ ಎಂದಿದ್ದೆ.

ಅವಳು ನನ್ನನ್ನು ಕೇಳಿ ತೆಗೆದುಕೊಂಡಿದ್ದಳು. ಅವಳ ತಾಯಿಯನ್ನು ನಾನು ಕೇಳಿರಲಿಲ್ಲ.

"ಹಾಡ, ಕೇಳತೇನಿ," ಎಂದೆ. "ಈ ಸಲ ಹೆಸರಿಂದನ ಕೇಳತೇನಿ."

ಹಾಡಿದಳು. ಕೊನೆಗೆ ಬಂದಾಗ ನಾನು ಬಲ್ಲ ಆನೆ ಕೊಡ ತುಂಬಿತು. ಆದರೆ ಹಾಡು ಅಲ್ಲಿಗೆ ನಿಲ್ಲಲಿಲ್ಲ.

ಆನೀಯ ಸೊಂಡೀಲು ಸುತ್ತಿ ಸಿಂಬ್ಯಾಗ್ಯಾದ
ನೀಲವ್ವನ ನೆತ್ತೀಗಿ ತಂಪಾಗಿ | ತುಂಬೀದ
ಕೊಡ ಹೊತ್ತು ಓಣ್ಯಾಗ ನಡದಾದ

ತಲೆಯ ಮೇಲೆ ಕೊಡ ಕೂರಲು ಹೆಂಗಸರು ಬಟ್ಟೆ ಸುತ್ತಿ ಇಟ್ಟುಕೊಳ್ಳುವ ಸಿಂಬಿ. ಆನೆ ತನ್ನ ಸೊಂಡಿಲನ್ನೇ ಹಾಗೆ ಸುತ್ತಿ ನೀಲವ್ವನ ತಲೆಯ ಮೇಲಿಟ್ಟು, ಅದರ ಮೇಲೆ ಕೊಡ ಹೊತ್ತು ಅವಳ ಬೆನ್ನಿಗೇ ಓಣಿಯಲ್ಲಿ ಮನೆಯವರೆಗೆ ನಡೆದು ಬರುತ್ತದೆ. ನಾನು ಇಂಥದ್ದನ್ನು ಬರೆದಿರಲಿಲ್ಲ. ಹತ್ತು ಸಲ ತಿದ್ದಿ ಬರೆದ ಕತೆ ಅದು, ತುಂಬಿದ ಕೊಡ ನೆತ್ತಿಗೆ ಒತ್ತುತ್ತದೆ ಎಂಬುದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ನನ್ನ ತಲೆಯ ಮೇಲೆ ಯಾರೂ ಕೊಡ ಹೊರಿಸಿರಲಿಲ್ಲ.

"ಈ ಸಿಂಬಿ ಎಲ್ಲಿಂದ ಬಂತು ಬೇ?"

"ಅದು ನಂದು," ಎಂದಳು, ನಾನು ಅಂಬಾದಾಸರಿಗೆ ಹೇಳಿದಷ್ಟೇ ಗಟ್ಟಿಯಾಗಿ.

ಮಧ್ಯಾಹ್ನ ಇಬ್ಬರೂ ಬಬಲೇಶ್ವರಕ್ಕೆ ಹೋದೆವು. ಗೀತಾಂಜಲಿ ಅಲ್ಲಿನ ಕಾಲೇಜಿನಲ್ಲಿ ಕಲಿಸುವವಳು, ರಜೆಯ ದಿನಗಳಲ್ಲಿ ಹಳ್ಳಿ ಸುತ್ತಿ ಈ ಹಾಡುಗಳನ್ನೆಲ್ಲ ರೆಕಾರ್ಡು ಮಾಡಿದ್ದಳು. ನಮ್ಮ ಮಾತು ಕೇಳಿ ಅವಳ ಮುಖ ಸಣ್ಣದಾಯಿತು. ಫಾರ್ಮು ತಂದು ತೋರಿಸಿದಳು. "ಯಾರಿಂದ ಕಲಿತದ್ದು" ಎಂಬುದರ ಮುಂದೆ ಒಂದು ಹೆಸರು ಹಿಡಿಸುವಷ್ಟೇ ಜಾಗ ಇತ್ತು. "ತಾಯಿ" ಎಂದು ಬರೆದವಳು ಗೀತಾಂಜಲಿಯೇ.

"ಹಾಡಷ್ಟ ಕತ್ತರಿಸಿ ಕಳಸ್ರಿ ಅಂತ ಸರ್ ಹೇಳಿದ್ರು ಮೇಡಂ. ಮದಲಿನ ಮಾತೆಲ್ಲ ನಾ ತಗದಬಿಟ್ಟೆ. ಹಾಡೂಕಿಂತ ಮದಲ ಮಂದಿ ಕೆಮ್ಮತಾರ, ನೀರ ಕೇಳತಾರ, ಇದೂ ಹಂಗ ಅನಕೊಂಡೆ."

"ನಾನೂ ಹಂಗ ಅನಕೊಂಡಿದ್ದೆ. ನಲವತ್ತೈದ ವರ್ಷ," ಎಂದೆ. ಅವಳಿಗೆ ಉಸಿರು ಬಂತು.

ಮೂಲ ರೆಕಾರ್ಡು ಲ್ಯಾಪ್‌ಟಾಪಿನಲ್ಲಿ ಹಾಗೇ ಇತ್ತು. ಹಚ್ಚಿದಳು. ಮೊದಲು ಪಾತ್ರೆಯ ಸದ್ದು, ಕೋಳಿಯ ಕೂಗು, ಆಮೇಲೆ ಪೀರಾಂಬಿಯ ಸಣ್ಣ ದನಿ: ಭೀಮಾಬಾಯಿ, ಹುಸೇನಬಿ, ನಾನು, ಅವಳು. ಪೀರಾಂಬಿ ತನ್ನ ದನಿಗೆ ತಾನೇ ತಲೆದೂಗಿದಳು. ಗೀತಾಂಜಲಿಯ ಅತ್ತೆ ಒಳಗಿನಿಂದ ಬಂದು, ಏನೂ ಕೇಳದೆ, ರೆಕಾರ್ಡು ಚೆನ್ನಾಗಿ ಕೇಳಿಸಲೆಂದು ಫ್ಯಾನು ಆರಿಸಿ, ನಮಗೆ ಬೀಸಣಿಕೆ ಕೊಟ್ಟು ಹೋದರು.

ಉಳಿದ ಹನ್ನೊಂದು ಹೆಂಗಸರ ಮೂಲವನ್ನೂ ಕೇಳಿದೆವು. ಏಳು ಜನ ಹೆಸರು ಹೇಳಿದ್ದರು. ಅರಕೇರಿಯವಳೊಬ್ಬಳು, "ನಮ್ಮತ್ತಿ ಕೊಟ್ಟಿದ್ದು, ಮುಖಾ ಗಂಟ ಹಾಕ್ಕೊಂಡ ಕೊಟ್ಟಿದ್ದು," ಎಂದು ನಕ್ಕಿದ್ದಳು. ಇನ್ನೊಬ್ಬಳು, "ದ್ರಾಕ್ಷಿ ಕಟಾವಿಗಿ ಹೋದಾಗ ಕೇಳಿದ್ದು, ಆಕಿ ಹೆಸರ ಮರತೇನಿ, ಸಿಟ್ಟಾಗಬ್ಯಾಡ ಯವ್ವಾ," ಎಂದಿದ್ದಳು. ಇವೆಲ್ಲ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಶನಿವಾರ ಅಂಬಾದಾಸರ ಮನೆಯಲ್ಲಿ ಮೂವರೂ ಕೂಡಿದೆವು. ಲ್ಯಾಪ್‌ಟಾಪು ಅವರ ಕರಡು ಹಾಳೆಗಳ ಮೇಲೆಯೇ ಕುಳಿತಿತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಚ್ಚಲು ಹೇಳಿದರು. ಆಮೇಲೆ ಮುನ್ನುಡಿಯ ಹಾಳೆ ಎಳೆದುಕೊಂಡು ಆ ನಾಲ್ಕು ಸಾಲುಗಳನ್ನು, ಅಕ್ಷರ ಕಾಣದ ಹಾಗೆ ಹೊಡೆದುಹಾಕಿದರು.

"ಪೀರಾಂಬಿಯವರ, ನೀವು ಸುಳ್ಳ ಹೇಳಿಲ್ಲ. ಕತ್ತರಿಸಿ ಕಳಸ್ರಿ ಅಂದಾಂವ ನಾ. ತಪ್ಪ ನಂದು," ಎಂದರು. ಅವಳಿಗೆ ಅವರು "ನೀವು" ಅಂದದ್ದನ್ನು ನಾನು ಗಮನಿಸಿದೆ.

"ಆತ ಬಿಡ್ರಿ ಸರ. ಹಾಡ ಹಾಕತೀರಿಲ್ಲೊ?"

ಅವರು ಪೆನ್ನಿನ ಟೊಪ್ಪಿಗೆ ಹಾಕಿದರು, ತೆಗೆದರು. "ಅಲ್ಲೇ ಕಷ್ಟ ಐತ್ರಿ. ಇದು ಜನಪದ ಹಾಡಿನ ಪುಸ್ತಕ. ಅಚ್ಚಾದ ಕತಿಯಿಂದ ಬಂದಿದ್ದು ಜನಪದ ಆಗೂದಿಲ್ಲ. ನೀವು ಹೆಸರ ಹೇಳಿ ಹಾಡೀರಿ, ಅದು ಪ್ರಾಮಾಣಿಕತನ. ಆದ್ರ ಪುಸ್ತಕಕ್ಕ ಒಂದ ನೇಮ ಇರತೈತಿ."

"ಹಂಗಾರ ನನ್ನ ಕತಿನೂ ಸಾಹಿತ್ಯ ಅಲ್ಲ," ಎಂದೆ. "ಅದು ಹಾಡಿನಿಂದ ಬಂದೈತಿ. ಎರಡ ವರ್ಷ ನೀವ ಅದನ್ನ ಹುಡುಗರಿಗೆ ಪಾಠ ಮಾಡೀರಿ. ಹುಸೇನಬಿ ಬಾಯಿಂದ ನನ್ನ ಕಾಗದಕ್ಕ ಬರಾಕ ಯಾರೂ ತಡೀಲಿಲ್ಲ. ಕಾಗದದಿಂದ ಪೀರಾಂಬಿ ಬಾಯಿಗೆ ಹೋದ್ರ ಯಾಕ ತಡೀತೀರಿ?"

"ಸರ, ನೀವು ಹಾಕ್ರಿ, ಬಿಡ್ರಿ," ಎಂದಳು ಪೀರಾಂಬಿ. "ಕಳ್ಳಿ ಅನ್ನೂದ ಹೋತಲ್ಲ, ನನಗ ಅಷ್ಟ ಸಾಕಿತ್ತು. ಆದ್ರ ಒಂದ ಕೇಳತೇನಿ. ಸಿಂಬಿ ಬಿಟ್ಟ ಕೊಡ ಹ್ಯಾಂಗ ಹೊರತಾಳ್ರಿ ನೀಲವ್ವ? ಅಕ್ಕೋರ ಪುಸ್ತಕದಾಗ ಆಕಿ ಬಾವಿ ಕಟ್ಟಿ ಮ್ಯಾಲನ ನಿಂತಾಳ, ತುಂಬಿದ ಕೊಡಾ ಹಿಡಕೊಂಡ. ಕೈ ಸೋಲೂದುಲ್ಲೇನ್ರಿ ಆಕಿಗಿ?"

ಗೀತಾಂಜಲಿ ನಕ್ಕುಬಿಟ್ಟಳು. ಅಂಬಾದಾಸರು ನಗಲಿಲ್ಲ. ಕೆಂಪು ಗೆರೆ ಎಳೆದಿದ್ದ ಹಾಳೆಯನ್ನು ಹತ್ತಿರ ಹಿಡಿದು ಕೊನೆಯ ಮೂರು ಸಾಲು ಓದಿದರು. ಕಳವು ಹಿಡಿಯುವ ಭರದಲ್ಲಿ ಅವರು ಅಲ್ಲಿಯವರೆಗೆ ಓದಿರಲೇ ಇಲ್ಲ ಎಂದು ನನಗೆ ತಿಳಿಯಿತು. ಎರಡು ಸಲ ಓದಿದರು. ಎರಡನೆಯ ಸಲ ಅವರ ಕೈ ತಾನಾಗಿ ನೆತ್ತಿಗೆ ಹೋಯಿತು.

"ಮೇಡಂ, ಇದು ನಿಮ್ಮ ಕತ್ಯಾಗ ಇಲ್ಲ."

"ನನ್ನ ಕತ್ಯಾಗ ಇದ್ದಿದ್ರ ಅದು ಇನ್ನಷ್ಟ ಚಲೋ ಇರತಿತ್ತು."

ಅಂಬಾದಾಸರು ಆ ಹಾಳೆಯನ್ನು ಕರಡಿನೊಳಗೆ ಮರಳಿ ಸೇರಿಸಿದರು. "ಹಾಡ ಹಾಕತೇನಿ," ಎಂದರು. "ಹೆಸರಿನ ಸಮೇತ. ಉಳಿದ ಏಳೂ ಮಂದಿದು ಹೆಸರಿನ ಸಮೇತ ಹಾಕತೇನಿ. ಪ್ರೆಸ್ಸಿನವ ಬೈತಾನ, ಬೈಲಿ. ಆದ್ರ ಓದಿದವರು ನನ್ನ ಕೇಳತಾರ, ಈ ಕತಿ ಚಂದ್ರಕಲಾ ಮೇಡಂದು ಅಲ್ಲೇನು ಅಂತ. ಏನ ಹೇಳಲಿ?"

"ಬರಕೊಳ್ರಿ," ಎಂದೆ. ಹೊಡೆದುಹಾಕಿದ ಸಾಲುಗಳ ಪಕ್ಕದ ಖಾಲಿ ಜಾಗದಲ್ಲಿ ಅವರು ಬರೆದುಕೊಂಡರು: "೧೯೭೯ರಲ್ಲಿ ನಾನು ಬರೆದ ನೀಲವ್ವನ ಕತೆ ತಿಕೋಟಾದ ಹುಸೇನಬಿಯವರು ಹಾಡುತ್ತಿದ್ದ ಹಾಡಿನಿಂದ ತೆಗೆದುಕೊಂಡದ್ದು. ಅವರನ್ನು ಕೇಳಲಿಲ್ಲ, ಅವರ ಹೆಸರನ್ನೂ ಹೇಳಲಿಲ್ಲ. ಅವರ ಮಗಳು ಪೀರಾಂಬಿ ನನ್ನ ಕತೆಯಿಂದ ತೆಗೆದುಕೊಂಡದ್ದನ್ನು ನನ್ನನ್ನು ಕೇಳಿ, ನನ್ನ ಹೆಸರು ಹೇಳಿ ಹಾಡುತ್ತಾ ಬಂದಿದ್ದಾಳೆ."

ಪೆನ್ನು ನಿಂತಿತು. "ಇದು ಅಚ್ಚಾಗತೈತ್ರಿ ಮೇಡಂ. ನೀವ ಕದ್ದೀರಿ ಅಂತ ಮಂದಿ ಅಂತಾರ."

"ಅನ್ಲಿ. ಕೆಳಗ ನನ್ನ ಹೆಸರ ಹಾಕ್ರಿ." ಹೇಳಿದ ಮೇಲೆ ಮೈ ಹಗುರಾಯಿತು ಎಂದೇನೂ ಇಲ್ಲ. ನನಗೆ ಹಸಿವಾಗಿತ್ತು, ಅಷ್ಟೇ.

ಇನ್ನು ಹಾಡಿನ ಪುಟ. ಅಂಬಾದಾಸರು ಮೇಲೆ ಹೆಸರುಗಳನ್ನು ಒಂದರ ಕೆಳಗೊಂದು ಬರೆದರು. ಭೀಮಾಬಾಯಿ, ಹೊನವಾಡ. ಹುಸೇನಬಿ, ತಿಕೋಟಾ. ಚಂದ್ರಕಲಾ. ಪೀರಾಂಬಿ. ಓದಿ ಹೇಳಿದರು. ಪೀರಾಂಬಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಆ ಸಂಜೆಗಳಲ್ಲಿ ಕಲಿತ ಅಕ್ಷರಗಳ ಮೇಲೆ ಬೆರಳಿಟ್ಟು ತಾನೇ ಓದಿದಳು. ಭೀಮಾಬಾಯಿಯ ಹೆಸರಿಗೆ ಬಂದು ಬೆರಳು ನಿಂತಿತು.

"ಭೀಮಾಬಾಯಿಗಿ ಯಾರ ಕೊಟ್ಟಾರ್ರಿ?"

"ನಮಗೇನ ಗೊತ್ತು? ನಿಮಗ ಗೊತ್ತೈತೇನು?"

"ನನಗೂ ಗೊತ್ತಿಲ್ಲ. ಆದ್ರ ಆಕಿಗಿ ಯಾರೋ ಕೊಟ್ಟಾರಿಲ್ರಿ? ಆಕಿ ಮ್ಯಾಲ ಜಾಗಾ ಬಿಡ್ರಿ."

"ಖಾಲಿ ಜಾಗಾ ಬಿಟ್ರ ಪ್ರೆಸ್ಸಿನವ ತಪ್ಪಂತ ತಿಳದ ಮುಚ್ಚಿಬಿಡ್ತಾನ."

"ಮುಚ್ಚಬ್ಯಾಡಂತ ಬರೀರಿ ಅವಗ."

ಅಂಬಾದಾಸರು ನನ್ನನ್ನು ನೋಡಿದರು. ಅವರು ಹಾಳೆಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡು, ಭೀಮಾಬಾಯಿಯ ಹೆಸರಿನ ಮೇಲೆ ಒಂದು ಸಾಲಿನಷ್ಟು ಜಾಗಕ್ಕೆ ಚೌಕ ಹಾಕಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದರು: "ಇಲ್ಲಿ ಜಾಗ ಬಿಡಿ. ತಪ್ಪಲ್ಲ."